ಪೆನಿಸಿಲಿನ್ ದೇಹ ಸೇರುವ ದಾರಿ

ವಿದ್ಯಾರ್ಥಿಗಳೇ, ಒಂದೇ ಔಷಧಿಯನ್ನು ವೈದ್ಯರು ಒಬ್ಬರಿಗೆ ಮಾತ್ರೆಯಾಗಿಯೂ ಮತ್ತೊಬ್ಬರಿಗೆ ಚುಚ್ಚುಮದ್ದಾಗಿಯೂ ಕೊಡುವುದನ್ನು ನೀವು ನೋಡಿರಬಹುದು. ಎರಡರ ಪ್ರಮಾಣ ಅನೇಕ ವೇಳೆ ಒಂದೇ ಆಗಿರುವುದಿಲ್ಲ. ಇದೇಕೆ? ಪೆನಿಸಿಲಿನ್‌ನ ಇತಿಹಾಸವನ್ನು ನೋಡಿದರೆ ಉತ್ತರ ತಿಳಿಯುತ್ತದೆ.

1941ರ ಫೆಬ್ರವರಿ 12. ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದ ಆಸ್ಪತ್ರೆಯಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆ ಸಾವಿನ ಅಂಚಿನಲ್ಲಿದ್ದರು. ಮುಖದ ಸೋಂಕು ಶ್ವಾಸಕೋಶಕ್ಕೂ ಹರಡಿತ್ತು. ಒಂದು ಕಣ್ಣನ್ನೇ ತೆಗೆಯಬೇಕಾಗಿ ಬಂದಿತ್ತು. ಹೊವಾರ್ಡ್ ಫ್ಲೋರಿಯವರ ತಂಡ ಬಹಳ ಶ್ರಮಪಟ್ಟು ತಯಾರಿಸಿದ್ದ ಪೆನಿಸಿಲಿನ್ನನ್ನು ಡಾ. ಚಾರ್ಲ್ಸ್ ಫ್ಲೆಚರ್ ಅವರ ರಕ್ತನಾಳಕ್ಕೆ ಕೊಟ್ಟರು. ಬಾಯಿಯ ಮೂಲಕ ಕೊಟ್ಟರೆ ಜಠರದ ಆಮ್ಲವೇ ಅದರ ಬಹುಭಾಗವನ್ನು ಹಾಳುಮಾಡುತ್ತಿತ್ತು.

ರಕ್ತನಾಳದ ದಾರಿಗೂ ಒಂದು ತೊಡಕಿತ್ತು. ಔಷಧಿ ರಕ್ತಕ್ಕೆ ಸೇರಿದಷ್ಟೇ ಬೇಗ ಮೂತ್ರಪಿಂಡಗಳು ಅದನ್ನು ಹೊರಹಾಕುತ್ತಿದ್ದವು. ತೂತಾದ ಕೊಡಕ್ಕೆ ನೀರು ತುಂಬಿದಂತೆ, ಮೂರು ಗಂಟೆಗೊಮ್ಮೆ ಮತ್ತೆ ಮತ್ತೆ ಕೊಡಬೇಕಾಗಿತ್ತು. ರೋಗಿಯ ಮೂತ್ರವನ್ನು ಪ್ರಯೋಗಾಲಯಕ್ಕೆ ಒಯ್ದು, ಅದರಿಂದ ಪೆನಿಸಿಲಿನ್ ಬೇರ್ಪಡಿಸಿ ಅವರಿಗೇ ಪುನಃ ಕೊಟ್ಟರು! ಜ್ವರ ಇಳಿಯಿತು, ರೋಗಿ ಊಟ ಮಾಡತೊಡಗಿದರು. ಆದರೆ ಐದು ದಿನಗಳಲ್ಲಿ ದಾಸ್ತಾನು ಮುಗಿಯಿತು. ಸೋಂಕು ಮರುಕಳಿಸಿ ಮಾರ್ಚ್ 15ರಂದು ಅವರು ತೀರಿಕೊಂಡರು.

ಯುದ್ಧಕಾಲದಲ್ಲಿ ಉತ್ಪಾದನೆ ಬಹಳ ಹೆಚ್ಚಿತು. ಆಗ ಬಾಯಿಯ ಮೂಲಕವೂ ಕೊಟ್ಟು ನೋಡಿದರು. ಚುಚ್ಚುಮದ್ದಿನ ಸುಮಾರು ಐದು ಪಟ್ಟು ಬೇಕಾಯಿತು. 1950ರ ದಶಕದ ಆರಂಭದಲ್ಲಿ ಎರಡು ಪರಿಹಾರಗಳು ದೊರೆತವು. ಆಸ್ಟ್ರಿಯಾದಲ್ಲಿ ಕಂಡುಕೊಂಡ ಪೆನಿಸಿಲಿನ್-ವಿ ಆಮ್ಲವನ್ನು ತಡೆದುಕೊಂಡಿತು. ಅದನ್ನು ಮಾತ್ರೆಯಾಗಿ ನುಂಗಬಹುದಾಯಿತು. ಎರಡನೆಯದು ಬೆಂಜಾಥಿನ್ ಪೆನಿಸಿಲಿನ್. ಇದು ನೀರಿನಲ್ಲಿ ಕರಗುವುದು ಅತಿ ಕಡಿಮೆ. ಸ್ನಾಯುವಿನೊಳಕ್ಕೆ ಚುಚ್ಚಿದರೆ ಅಲ್ಲಿಯೇ ನಿಂತು, ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಸೇರುತ್ತದೆ. ಸಂಧಿವಾತ ಜ್ವರ ಬಂದುಹೋದ ಮಕ್ಕಳ ಹೃದಯದ ಕವಾಟಗಳನ್ನು ಕಾಪಾಡಲು ನಮ್ಮ ದೇಶದಲ್ಲಿಯೂ ಮೂರು-ನಾಲ್ಕು ವಾರಗಳಿಗೊಮ್ಮೆ ಇದನ್ನೇ ಕೊಡುತ್ತಾರೆ. ಆದರೆ ಇದೇ ಔಷಧಿ ತಪ್ಪಿ ರಕ್ತನಾಳಕ್ಕೆ ಹೋದರೆ ಪ್ರಾಣಕ್ಕೇ ಅಪಾಯ.

ನೋಡಿದಿರಾ? ಔಷಧಿಯ ಪ್ರಮಾಣವನ್ನು ಅದು ದೇಹ ಸೇರುವ ದಾರಿಯಿಂದ ಬೇರ್ಪಡಿಸಿ ಹೇಳಲಾಗದು. ಆದ್ದರಿಂದ ವೈದ್ಯರು ಮಾತ್ರೆ ಬರೆದುಕೊಟ್ಟಾಗ, "ಸೂಜಿಯನ್ನೇ ಹಾಕಿ" ಎಂದು ಒತ್ತಾಯಿಸಬೇಡಿ. ಎಷ್ಟು ಎಂಬುದರ ಜೊತೆಗೆ ಹೇಗೆ ತೆಗೆದುಕೊಳ್ಳಬೇಕು, ಊಟಕ್ಕೆ ಮೊದಲೋ ನಂತರವೋ ಎಂಬುದನ್ನೂ ಕೇಳಿ ತಿಳಿದುಕೊಳ್ಳಿ. ಮನೆಯ ಹಿರಿಯರಿಗೂ ಇದನ್ನು ವಿವರಿಸಿ.