ಹೊನವಾಡ: ಡೋಣಿ ಸೀಮೆಯ ಪ್ರಾಚೀನ ಜೈನ ನೆಲೆ

ವಿಜಯಪುರ ಜಿಲ್ಲೆಯ ಹೊನವಾಡ ಡೋಣಿ ಸೀಮೆಯ ಒಂದು ಪುರಾತನ ಊರು. ವಿಜಯಪುರದಿಂದ ಪಶ್ಚಿಮಕ್ಕೆ ಟಿಕೋಟಾ ದಾಟಿದ ಮೇಲೆ ಸಿಗುತ್ತದೆ. ಶಾಸನಗಳಲ್ಲಿ ಇದರ ಹೆಸರು 'ಪೊನ್ನವಾಡ'. 2018ರಲ್ಲಿ ಟಿಕೋಟಾ ಮತ್ತು ಬಬಲೇಶ್ವರ ಹೊಸ ತಾಲೂಕುಗಳಾದಾಗ ಹೊನವಾಡ ಟಿಕೋಟಾ ತಾಲೂಕಿಗೆ ಸೇರಿತು.

ನದಿ ಮತ್ತು ನೆಲ
ಡೋಣಿ ನದಿ ಮಹಾರಾಷ್ಟ್ರದ ಜತ್ತ ತಾಲೂಕಿನಲ್ಲಿ ಹುಟ್ಟಿ, ಬಬಲೇಶ್ವರ ಭಾಗದ ಸಾರವಾಡ, ಮುಂದೆ ತಾಳಿಕೋಟೆಯ ಮೂಲಕ ಹರಿದು ಕೃಷ್ಣೆಯನ್ನು ಸೇರುತ್ತದೆ. ಇಲ್ಲಿ ಮಳೆ ಕಡಿಮೆ, ನದಿಯ ನೀರು ಉಪ್ಪು. ಆದರೂ ದಂಡೆಯ ಎರೆಭೂಮಿ ಬಿಳಿಜೋಳಕ್ಕೆ ಹೆಸರಾಗಿದೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತು ಇಂದಿಗೂ ಜನರ ಬಾಯಲ್ಲಿದೆ. ಹಿಂದಿನ ಕಾಲದಲ್ಲಿ ಬಸದಿಗಳಿಗೆ ದಾನವಾಗಿ ಬಂದದ್ದೂ ಇಂಥ ಭೂಮಿಯೇ.

ತ್ರಿಭುವನತಿಲಕ ಜಿನಾಲಯ
ಹೊನವಾಡದ ಮುಖ್ಯ ಶಾಸನ ಶಕ ವರ್ಷ 976ರದು (ಕ್ರಿ.ಶ. 1054). ಆಗ ಕಲ್ಯಾಣದ ಚಾಲುಕ್ಯ ದೊರೆ ಒಂದನೇ ಸೋಮೇಶ್ವರನ ಆಳ್ವಿಕೆ. ಅವನ ರಾಣಿ ಕೇತಲದೇವಿ ಪೊನ್ನವಾಡ ಅಗ್ರಹಾರದ ಆಡಳಿತ ನೋಡಿಕೊಳ್ಳುತ್ತಿದ್ದಳು. ಅವಳ ಅಧಿಕಾರಿ ಚಾಂಕಿರಾಜನು ಮೂಲಸಂಘ, ಸೇನಗಣ, ಪೊಗರಿ ಗಚ್ಛದ ಮಹಾಸೇನ ಮುನಿಗಳ ಶಿಷ್ಯ. ಅವನು ಇಲ್ಲಿ 'ತ್ರಿಭುವನತಿಲಕ' ಎಂಬ ಜಿನಾಲಯವನ್ನು ಕಟ್ಟಿಸಿ, ಶಾಂತಿನಾಥ, ಪಾರ್ಶ್ವನಾಥ ಮತ್ತು ಸುಪಾರ್ಶ್ವನಾಥ ತೀರ್ಥಂಕರರನ್ನು ಪ್ರತಿಷ್ಠಾಪಿಸಿದನು. ಬಸದಿಗೆ ಭೂಮಿಯ ದತ್ತಿಯೂ ದೊರೆಯಿತು. ವೈದಿಕರ ಅಗ್ರಹಾರದಲ್ಲಿ, ರಾಣಿಯ ಆಶ್ರಯದಲ್ಲಿ ಬಸದಿ ನಿಂತದ್ದು ಆ ಕಾಲದ ಧಾರ್ಮಿಕ ಸಾಮರಸ್ಯಕ್ಕೆ ಸಾಕ್ಷಿ. ಈ ಶಾಸನವನ್ನು ಜೆ. ಎಫ್. ಫ್ಲೀಟ್ ಅವರು ಓದಿ ಪ್ರಕಟಿಸಿದರು.

ಸುತ್ತಲಿನ ಕ್ಷೇತ್ರಗಳು
ಇದೇ ತಾಲೂಕಿನ ಬಾಬಾನಗರ ಪಾರ್ಶ್ವನಾಥ ಸ್ವಾಮಿಯ ಅತಿಶಯ ಕ್ಷೇತ್ರ. ಇಲ್ಲಿನ ಹಸಿರು ಶಿಲೆಯ ಪಾರ್ಶ್ವನಾಥ ಬಿಂಬ ಪ್ರಸಿದ್ಧವಾಗಿದೆ. ಕಳಚುರಿ ಬಿಜ್ಜಳನ ಕಾಲದ, ಕ್ರಿ.ಶ. 1161ರ ಶಾಸನವೂ ಇಲ್ಲಿದೆ.

ವಿಜಯಪುರ ನಗರದ ದರ್ಗಾ ಭಾಗದಲ್ಲಿ ಸಹಸ್ರಫಣಿ ಪಾರ್ಶ್ವನಾಥ ಬಸದಿಯಿದೆ. ಮೂರ್ತಿಯ ಶಿರದ ಮೇಲೆ 1008 ಹೆಡೆಗಳು. ಅಭಿಷೇಕದ ಹಾಲು ಒಂದರಿಂದೊಂದಕ್ಕೆ ಹರಿದು ಎಲ್ಲ ಹೆಡೆಗಳಿಂದ ಇಳಿದು ಬರುವಂತೆ ಶಿಲ್ಪಿ ಕೆತ್ತಿದ್ದಾನೆ. ಈ ಮೂರ್ತಿ ನೆಲದಡಿ ದೊರೆತದ್ದೆಂಬ ಪ್ರತೀತಿ ಇದೆ. ಗೋಳಗುಮ್ಮಟದ ಮುಂದಿನ ನಗಾರಖಾನೆಯ ವಸ್ತುಸಂಗ್ರಹಾಲಯದಲ್ಲಿಯೂ ಜಿನಬಿಂಬಗಳನ್ನು ನೋಡಬಹುದು.

ಉಳಿಸಬೇಕಾದದ್ದು
ರಾಜವಂಶಗಳು ಬದಲಾದವು, ಬಸದಿಗಳ ದತ್ತಿ ಭೂಮಿಗಳು ಕೈಬಿಟ್ಟುಹೋದವು. ಚಾಂಕಿರಾಜನ ಹೆಸರು ಇಂದು ನಮಗೆ ತಿಳಿದಿರುವುದು ಒಂದು ಕಲ್ಲಿನ ಬರಹದಿಂದ. ಡೋಣಿ ಸೀಮೆಯ ಹಳ್ಳಿಗಳಲ್ಲಿ ಹೊಲದ ಬದು, ಗುಡಿಯ ಕಟ್ಟೆ, ಹಾಳು ಬಾವಿಯ ಬಳಿ ಅಕ್ಷರವಿರುವ ಕಲ್ಲು ಅಥವಾ ಭಗ್ನ ಮೂರ್ತಿ ಕಂಡರೆ ಅದಕ್ಕೆ ಸುಣ್ಣ-ಬಣ್ಣ ಬಳಿಯಬಾರದು, ಗೋಡೆಗೆ ಬಳಸಬಾರದು. ಇದ್ದ ಜಾಗದಲ್ಲಿಯೇ ಫೋಟೋ ತೆಗೆದು ಪಂಚಾಯಿತಿಗೆ ಮತ್ತು ಪುರಾತತ್ವ ಇಲಾಖೆಗೆ ತಿಳಿಸುವುದು ಒಳಿತು. ಬಸದಿ ಜೀರ್ಣೋದ್ಧಾರದ ಸಮಯದಲ್ಲಿಯೂ ಹಳೆಯ ಕಂಬ, ಪೀಠಗಳ ಮೇಲಿನ ಬರಹವನ್ನು ಮೊದಲು ಓದಿಸಬೇಕು. ಒಮ್ಮೆ ಅಳಿಸಿದ ಅಕ್ಷರ ಮತ್ತೆ ಸಿಗುವುದಿಲ್ಲ.