ಯಾರ ಬೆತ್ತಲೆ, ಯಾರ ಬಿಡುಗಡೆ?

ಗೋಕರ್ಣದಿಂದ ದಕ್ಷಿಣಕ್ಕೆ ಗುಡ್ಡ ಹತ್ತಿ ಇಳಿದರೆ ಕುಡ್ಲೆ. ಇನ್ನೊಂದು ಗುಡ್ಡ ದಾಟಿದರೆ ಓಂ ಬೀಚು. ಆಮೇಲೆ ಹಾಫ್ ಮೂನ್, ಅದರಾಚೆ ಪ್ಯಾರಡೈಸ್. ಎಲ್ಲಾ ಕುಮಟಾ ತಾಲ್ಲೂಕಿನ ಮರಳೇ. ಆದರೆ ಕೊನೆಯ ಎರಡು ಹೆಸರು ಪ್ರವಾಸಿಗಳ ಬಾಯಲ್ಲಿ ಹುಟ್ಟಿದವು. ಗೋವೆಯ ಬೀಚುಗಳಲ್ಲಿ ಜನ ಜಾಸ್ತಿಯಾದಾಗ ಹಿಪ್ಪಿಗಳು, ಅವರ ಬೆನ್ನಿಗೆ ಬೇರೆ ಪರದೇಶಿಗಳು ಈ ಕಡೆ ಬಂದರು. ಕಾಲ್ನಡಿಗೆಯಲ್ಲೋ ದೋಣಿಯಲ್ಲೋ ಮುಟ್ಟುವ ಆ ಮೂಲೆಗಳಲ್ಲಿ ಕೆಲವರು ಬಟ್ಟೆ ಬಿಚ್ಚಿ ಬಿಸಿಲು ಕಾಯಿಸಿಕೊಂಡರು.

ಹಾಗಂತ ಭಟ್ಕಳದಿಂದ ಹೊನ್ನಾವರ, ಹೊನ್ನಾವರದಿಂದ ಕುಮಟಾ ತನಕ ಸರಕಾರ ಒಪ್ಪಿದ ಬೆತ್ತಲೆ ತೀರ ಒಂದೂ ಇಲ್ಲ. ಸಾರ್ವಜನಿಕ ಸ್ಥಳದಲ್ಲಿ ಅಶ್ಲೀಲ ವರ್ತನೆಗೆ ಮೂರು ತಿಂಗಳವರೆಗೆ ಸಜೆ ಅಂತ 1860ರ ಭಾರತೀಯ ದಂಡ ಸಂಹಿತೆಯ 294ನೇ ಕಲಮು ಹೇಳುತ್ತಿತ್ತು. 2024ರ ಜುಲೈ 1ರಿಂದ ಅದು ನ್ಯಾಯ ಸಂಹಿತೆಯ 296ನೇ ಕಲಮು. ನಂಬರು ಬದಲಾಯಿತು, ಮಾತು ಬದಲಾಗಲಿಲ್ಲ.

ಬಟ್ಟೆ ಬಿಡುವುದನ್ನೇ ಬದುಕಿನ ಕ್ರಮ ಮಾಡಿಕೊಂಡವರು ಅದಕ್ಕೆ ನ್ಯಾಚುರಿಸಂ ಅನ್ನುತ್ತಾರೆ. ಮೈಗೆ ಗಾಳಿ ಬಿಸಿಲು ತಾಗಲಿ, ನಾಚಿಕೆ ಹೋಗಲಿ, ಬಟ್ಟೆ ಕಳಚಿದರೆ ದೊಡ್ಡವ ಸಣ್ಣವ ಎಂಬ ಭೇದವೂ ಕಳಚಲಿ ಅನ್ನೋದು ಅವರ ವಾದ. ಹತ್ತೊಂಬತ್ತನೇ ಶತಮಾನದ ಕೊನೆಗೆ ಜರ್ಮನಿಯಲ್ಲಿ ಇದು ಚಳವಳಿಯಾಗಿ ಬೆಳೆಯತೊಡಗಿತು. ಆದರೆ ಗೊತ್ತಿರುವಂತೆ ಇಂಥ ಮೊದಲ ಸಂಘ ಹುಟ್ಟಿದ್ದು ಜರ್ಮನಿಯಲ್ಲಲ್ಲ, ಮುಂಬಯಿ ಹತ್ತಿರದ ಠಾಣೆಯಲ್ಲಿ, 1891ರಲ್ಲಿ. ‘ಫೆಲೋಶಿಪ್ ಆಫ್ ದ ನೇಕೆಡ್ ಟ್ರಸ್ಟ್’ ಅಂತ ಅದರ ಹೆಸರು. ಕಟ್ಟಿದವನು ಚಾರ್ಲ್ಸ್ ಎಡ್ವರ್ಡ್ ಗಾರ್ಡನ್ ಕ್ರಾಫರ್ಡ್, ಅಲ್ಲಿನ ಜಿಲ್ಲಾ ನ್ಯಾಯಾಧೀಶ. ಸದಸ್ಯರು ಒಟ್ಟು ಮೂರೇ ಜನ, ಮೂವರೂ ಬಿಳಿಯರು. ಇಂಗ್ಲೆಂಡಿನ ಲೇಖಕ ಎಡ್ವರ್ಡ್ ಕಾರ್ಪೆಂಟರನಿಗೆ ಕ್ರಾಫರ್ಡ್ ಬರೆದ ಪತ್ರಗಳಿಂದ ಈ ಸಂಗತಿ ಲೋಕಕ್ಕೆ ಗೊತ್ತಾಯಿತು.

ನೋಡಿ, ಎಂಥ ತಮಾಷೆ! ಹಗಲು ಕೋರ್ಟಿನಲ್ಲಿ ಕೂತು 1860ರ ಅದೇ ಕಾನೂನು ಓದುವ ಸಾಹೇಬ, ಬಿಡುವಿನಲ್ಲಿ ಗೆಳೆಯರೊಂದಿಗೆ ಬಟ್ಟೆ ಬಿಚ್ಚಿ ಕೂರುತ್ತಾನೆ. ಅವನನ್ನು ಹಿಡಿಯುವ ಪೊಲೀಸನಾದರೂ ಯಾರು? ಅಧಿಕಾರವನ್ನೇ ಮೈಮೇಲೆ ಹೊದ್ದವನಿಗೆ ಬೇರೆ ಬಟ್ಟೆ ಯಾಕೆ ಬೇಕು?

ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದರಾಸಿನಿಂದ ಮುಂಬಯಿ ಆಡಳಿತಕ್ಕೆ ಸೇರಿತ್ತು. ಅಂದರೆ ಠಾಣೆಯೂ ಕುಮಟಾವೂ ಒಬ್ಬನೇ ಗೌರ್ನರನ ಕೈಕೆಳಗೆ ಇದ್ದವು. ಇಲ್ಲಿನ ಗದ್ದೆಗಳಲ್ಲಿ ಹಾಲಕ್ಕಿ ಒಕ್ಕಲ ಹೆಂಗಸರು ರವಿಕೆಯಿಲ್ಲದೆ, ಸೀರೆಯನ್ನು ಕುತ್ತಿಗೆಗೆ ಗಂಟು ಹಾಕಿ, ಕೊರಳ ತುಂಬ ಮಣಿಸರ ತೊಟ್ಟು ನಾಟಿ ಮಾಡುತ್ತಿದ್ದರು. ಅವರು ಸಂಘ ಕಟ್ಟಲಿಲ್ಲ, ಯಾರಿಗೂ ಪತ್ರ ಬರೆಯಲಿಲ್ಲ. ಅದು ಅವರ ಉಡುಗೆ, ಅಷ್ಟೆ. 2021ರಲ್ಲಿ ಅಂಕೋಲೆಯ ತುಳಸಿ ಗೌಡ ಅದೇ ಉಡುಗೆಯಲ್ಲಿ, ಬರಿಗಾಲಲ್ಲಿ ನಡೆದುಹೋಗಿ ರಾಷ್ಟ್ರಪತಿಯಿಂದ ಪದ್ಮಶ್ರೀ ತಗೊಂಡರು. ಈಗಿನ ಹಾಲಕ್ಕಿ ಹುಡುಗಿಯರು ರವಿಕೆ ತೊಟ್ಟು ಕಾಲೇಜಿಗೆ ಹೋಗ್ತಾರೆ. ಅಜ್ಜಿಯ ಬರಿ ತೋಳೂ ಸರಿ, ಮೊಮ್ಮಗಳ ರವಿಕೆಯೂ ಸರಿ. ತಪ್ಪು ಇರೋದು ಅವರನ್ನು ಪಿಕ್ಚರ್ ಕಾರ್ಡು ಮಾಡುವ ಕ್ಯಾಮರಾದಲ್ಲಿ.

ಇದೇ ಕರಾವಳಿ ಹಿಡಿದು ತೆಂಕಣಕ್ಕೆ ಹೋದರೆ ತಿರುವಾಂಕೂರು. ಅಲ್ಲಿ ಎದೆ ಮುಚ್ಚಿಕೊಳ್ಳುವುದೇ ನಾಡಾರ್ ಹೆಂಗಸರ ಅಪರಾಧ. ಮೇಲ್ಜಾತಿಯವರು ಸಂತೆಯಲ್ಲಿ ಅವರ ಮೇಲುದ ಹರಿದರು. ದಶಕಗಳ ಹೊಡೆದಾಟದ ನಂತರ 1859ರಲ್ಲಿ ಮಹಾರಾಜ ಅಪ್ಪಣೆ ಕೊಟ್ಟ. ಅದೂ ಪೂರಾ ಅಲ್ಲ. ಮುಚ್ಚಿಕೊಳ್ಳಬಹುದು, ಆದರೆ ಮೇಲ್ಜಾತಿ ಹೆಂಗಸರ ಹಾಗೆ ಉಡಕೂಡದು! ಮರುವರ್ಷವೇ ಅಶ್ಲೀಲತೆಗೆ ಶಿಕ್ಷೆ ಹೇಳುವ ದಂಡ ಸಂಹಿತೆ ಪಾಸಾಯಿತು. ಬಡವಿಯ ಮೇಲುದ ಹರಿದ ಕೈಯನ್ನು ಮಾತ್ರ ಯಾರೂ ಅಶ್ಲೀಲ ಅನ್ನಲಿಲ್ಲ.

ಧರ್ಮದ ಬೆತ್ತಲೆಯೂ ಇಲ್ಲಿಗೆ ಹೊಸದಲ್ಲ. ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆ, ಭಟ್ಕಳದ ಹಾಡುವಳ್ಳಿ ಒಂದು ಕಾಲದ ದೊಡ್ಡ ಜೈನ ಕೇಂದ್ರಗಳು. ದಿಗಂಬರ ಮುನಿ ಬಟ್ಟೆ ಬಿಟ್ಟರೆ ಜನ ಕೈಮುಗಿದರು. ಆದರೆ ಆ ಪಂಥದಲ್ಲೂ ದಿಗಂಬರ ದೀಕ್ಷೆ ಗಂಡಸಿಗೆ ಮಾತ್ರ. ಹನ್ನೆರಡನೇ ಶತಮಾನದಲ್ಲಿ ಅಕ್ಕಮಹಾದೇವಿ ಅರಮನೆಯನ್ನೂ ಉಟ್ಟದ್ದನ್ನೂ ಬಿಟ್ಟು ಹೊರಟಳು. ಅದು ಅವಳ ತೀರ್ಮಾನ. ಹಾಗಿದ್ದೂ ಕಲ್ಯಾಣದಲ್ಲಿ ಶರಣರ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಯಿತು.

ಈಗ ಘಟ್ಟ ಹತ್ತೋಣ. ಸಿದ್ದಾಪುರದ ಆಚೆ, ಸೊರಬ ತಾಲ್ಲೂಕಿನ ಚಂದ್ರಗುತ್ತಿ. ವರದಾ ನದಿಯಲ್ಲಿ ಮಿಂದು, ಮೈಮೇಲೆ ನೂಲಿಲ್ಲದೆ ರೇಣುಕಾಂಬೆಯ ಗುಡ್ಡಕ್ಕೆ ನಡೆಯುವುದು ಅಲ್ಲಿನ ಹರಕೆ. ಹೆಂಗಸರು, ಗಂಡಸರು, ಮಕ್ಕಳು. 1986ರ ಮಾರ್ಚಿನಲ್ಲಿ ದಲಿತ ಸಂಘರ್ಷ ಸಮಿತಿಯವರು, ಬೇರೆ ಸಂಘಟನೆಯವರು ಬೇಡ ಅಂತ ತಡೆಯಲು ಹೋದರು. ಗುಂಪು ತಿರುಗಿ ಬಿತ್ತು. ಕಾರ್ಯಕರ್ತರನ್ನು ಹೊಡೆದರು. ಮಹಿಳಾ ಪೊಲೀಸರನ್ನೂ ಬಿಡದೆ ಬಟ್ಟೆ ಕಿತ್ತು ಮೆರವಣಿಗೆ ಮಾಡಿದರು. ಆಮೇಲೆ ಸರಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು.

ಆಗ ಯು.ಆರ್. ಅನಂತಮೂರ್ತಿಯವರು ‘ಬೆತ್ತಲೆ ಪೂಜೆ ಯಾಕೆ ಕೂಡದು?’ ಅಂತ ಕೇಳಿದರು. ನಂಬಿದವರ ಲೋಕವನ್ನು ಓದಿದವರ ಕಣ್ಣಿಂದಲೇ ಅಳೆಯಬಹುದೇ ಅನ್ನುವ ಸಂಕಟ ಅವರದು. ಪ್ರಶ್ನೆ ಸಣ್ಣದಲ್ಲ. ಆದರೆ ಅದಕ್ಕೂ ಮುಂಚೆ ಕೇಳಬೇಕಾದ್ದು ಇನ್ನೊಂದಿದೆ: ಹಾಗೆ ನಡೆದವರು ಯಾರ ಮನೆಯ ಮಕ್ಕಳು? ಹೆಚ್ಚಿನವರು ಹಿಂದುಳಿದವರು, ದಲಿತರು. ಕಾಯಿಲೆಗೆ ಔಷಧಿ ಇಲ್ಲದವರು, ಮಕ್ಕಳಾಗಲಿಲ್ಲ ಅಂತ ಮನೆಯಲ್ಲಿ ಬೈಸಿಕೊಂಡವರು. ದೇವಿ ಮುನಿದಾಳು ಅನ್ನೋ ಭಯ ಬೆನ್ನಿಗೆ ಇರುವಾಗ ಬಿಚ್ಚಿದ ಸೀರೆಯನ್ನು ಸ್ವಾತಂತ್ರ್ಯ ಅನ್ನೋದು ಹೇಗೆ? ಹತ್ತು ವರ್ಷದ ಹುಡುಗಿಯನ್ನು ಯಾರಾದರೂ ಒಪ್ಪಿಗೆ ಕೇಳಿದರೇ?

ಹೊನ್ನಾವರದ ಕಾಸರಕೋಡ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಪ್ರವಾಸಿಗೆ ಮೀಯುವ ಕೋಣೆ, ಬಟ್ಟೆ ಬದಲಿಸುವ ಕೋಣೆ ಬಂದವು. ಸಂತೋಷ. ನಮ್ಮ ಕೇರಿಯಲ್ಲಿ ಬಚ್ಚಲಿಲ್ಲದ ಮನೆಗಳ ಹೆಂಗಸರು ಬೆಳಕು ಹರಿಯುವ ಮೊದಲೇ, ತೆಂಗಿನ ಮಡಲು ಕಟ್ಟಿದ ಮರೆಯಲ್ಲಿ, ಸೀರೆ ಸುತ್ತಿಕೊಂಡೇ ಮಿಂದು ಬೆಳೆದರು. ಬಿಸಿಲಿಗೆ ಮೈಯೊಡ್ಡುವ ಹಕ್ಕು ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಯಾರಿಗೂ ತೊಂದರೆ ಕೊಡದಿದ್ದರೆ ಕೇಳಲಿ. ಆದರೆ ನ್ಯಾಯವಾದಿಗಳೇ, ಪಂಡಿತರೇ, ಪ್ರವಾಸೋದ್ಯಮದ ಸಾಹೇಬರೇ, ಮೈಯ ಸ್ವಾತಂತ್ರ್ಯದ ಚರಿತ್ರೆ ಬರೆಯುವಾಗ ಠಾಣೆಯ ಆ ಜಡ್ಜಿಯಿಂದ ಶುರು ಮಾಡಬೇಡಿ. ಸಂತೆಯಲ್ಲಿ ಮೇಲುದ ಹರಿಸಿಕೊಂಡು, ಮಾರನೇ ದಿನ ಮತ್ತೆ ಮೇಲುದ ಹೊದ್ದೇ ಸಂತೆಗೆ ಬಂದ ಹೆಂಗಸಿನಿಂದ ಶುರು ಮಾಡಿ.