ಅಕ್ಕಿಮೂಟೆಯೂ ಪ್ರಯಾಣಿಕರೂ ಒಂದೇ ಹಡಗಿನಲ್ಲಿ

ಕಳೆದ ರಜೆಯಲ್ಲಿ ಕೊಚ್ಚಿಯಿಂದ ನಾವು ಕೆಲವು ಕನ್ನಡ ಕುಟುಂಬದವರು ತಿರುವನಂತಪುರಕ್ಕೆ ಹೋಗಿದ್ದಾಗ, ಕೋವಳಂನಿಂದ ಹಾಗೇ ಮುಂದೆ ಸಾಗಿ ವಿಳಿಂಜಂ ಬಂದರನ್ನು ದೂರದಿಂದ ನೋಡಿ ಬಂದೆವು. 2025ರ ಮೇ 2ರಂದು ರಾಷ್ಟ್ರಕ್ಕೆ ಸಮರ್ಪಣೆಯಾದ ಬಂದರು ಅದು. ಕಂಟೇನರುಗಳನ್ನು ಮಹಡಿಯ ಮೇಲೆ ಮಹಡಿಯಾಗಿ ಪೇರಿಸಿಕೊಂಡು ನಿಂತಿದ್ದ ಹಡಗನ್ನು ಕಂಡು ಮಿತ್ರರ ಮಗ, "ಮಾಮ, ಇದರಲ್ಲಿ ಜನ ಎಲ್ಲಿ ಕೂರುತ್ತಾರೆ?" ಎಂದ. ನಡೆಸುವ ಸಿಬ್ಬಂದಿ ಬಿಟ್ಟರೆ ಜನರೇ ಇಲ್ಲವೆಂದಾಗ ಅವನಿಗೆ ನಿರಾಶೆಯಾಯಿತು. ಅವನು ಹುಡುಕುತ್ತಿದ್ದ ಹಡಗು ನಮ್ಮ ಕೊಚ್ಚಿಯ ವೆಲಿಂಗ್ಡನ್ ದ್ವೀಪದಿಂದಲೇ ಹೊರಡುತ್ತದೆ. ಅದರ ಕಥೆಯಲ್ಲಿ ನಮ್ಮ ಮಂಗಳೂರಿಗೂ ಪಾಲುಂಟು.

ಲಕ್ಷದ್ವೀಪದಲ್ಲಿ ಜನವಸತಿಯಿರುವ ದ್ವೀಪಗಳು 10. ಎಲ್ಲ ದ್ವೀಪಗಳ ನೆಲ ಕೂಡಿಸಿದರೂ 32 ಚದರ ಕಿಲೋಮೀಟರು. ತೆಂಗು ಧಾರಾಳ, ಭತ್ತ ಬೆಳೆಯದು. ಆದ್ದರಿಂದ ಅನ್ನ ಕಡಲು ದಾಟಿಯೇ ಬರಬೇಕು. ಇವುಗಳಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಐದು ದ್ವೀಪಗಳು 18ನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಕೈಸೇರಿ, 1799ರ ನಂತರ ಕಂಪನಿ ಸರ್ಕಾರದ ವಶವಾಗಿ, ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದವು. ದ್ವೀಪದವರ ತೆಂಗಿನ ನಾರನ್ನು ಸರ್ಕಾರವೇ ಕೊಂಡು ಬದಲಿಗೆ ಅಕ್ಕಿ ಕೊಡುತ್ತಿತ್ತು. 'ಓಡಂ' ಎಂಬ ಹಾಯಿದೋಣಿಗಳು ಹುರಿ, ಕೊಬ್ಬರಿ ಹೊತ್ತು ಮಂಗಳೂರಿಗೆ ಬಂದು, ಅಕ್ಕಿಯೊಡನೆ ಮರಳುತ್ತಿದ್ದವು. ವ್ಯಾಪಾರಿಯೂ, ಅರ್ಜಿ ಹಿಡಿದು ಹೊರಟವನೂ ಆ ಸರಕಿನ ನಡುವೆಯೇ ಜಾಗ ಮಾಡಿಕೊಂಡು ಕೂರಬೇಕು. ಮುಂಗಾರು ಬಂತೆಂದರೆ ಓಡಂ ದಡ ಸೇರಿತು. ಕೂಡಿಟ್ಟ ಅಕ್ಕಿಯೇ ಗತಿ.

1956ರ ನವೆಂಬರ್ 1ರಂದು ಈ ದ್ವೀಪಗಳು ಕೇಂದ್ರಾಡಳಿತ ಪ್ರದೇಶವಾದವು. ನಮ್ಮ ರಾಜ್ಯೋತ್ಸವದ ದಿನವೇ ಅವರೂ ಮಂಗಳೂರಿನಿಂದ ಬೇರ್ಪಟ್ಟರೆಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಓಡಂನ ಜಾಗಕ್ಕೆ ಕ್ರಮೇಣ ಯಂತ್ರದ ಹಡಗುಗಳು ಬಂದವು. ಭಾರತ್ ಸೀಮಾ, ಟಿಪ್ಪು ಸುಲ್ತಾನ್ ಎಂಬುವು ಬಹುಕಾಲ ದುಡಿದವು. ಆಮೇಲೆ ವಿಶಾಖಪಟ್ಟಣದ ಹಿಂದುಸ್ತಾನ್ ಶಿಪ್‌ಯಾರ್ಡಿನಲ್ಲಿ ಕಟ್ಟಿದ 'ಕವರತ್ತಿ' ಬಂತು: 700 ಪ್ರಯಾಣಿಕರು, 200 ಟನ್ ಸರಕು. ಕೊಲಂಬೊದಲ್ಲಿ ಕಟ್ಟಿದ ಅವಳಿ ಹಡಗುಗಳಾದ 'ಕೋರಲ್ಸ್', 'ಲಗೂನ್ಸ್' ತಲಾ 400 ಜನರನ್ನೂ 250 ಟನ್ ಸರಕನ್ನೂ ಒಯ್ಯಬಲ್ಲವು.

ವಿಜ್ಞಾನ ಓದಿದ ಚಪಲ, ಒಂದು ಲೆಕ್ಕ ಹಾಕಿ ನೋಡಿದೆವು. ತಲೆಗೆ 60 ಕಿಲೋ ಹಿಡಿದರೆ 400 ಜನರ ತೂಕ 24 ಟನ್ ಮಾತ್ರ. ಸರಕಿನ ಹತ್ತರಲ್ಲೊಂದು ಪಾಲೂ ಅಲ್ಲ! ಆದರೆ ಜನರಿಗೆ ಮಲಗಲು, ಉಣ್ಣಲು, ಗಾಳಿಗೆ ಮೇಲಂತಸ್ತುಗಳೆಲ್ಲ ಬೇಕು. ಭಾರದ ಸರಕು ತಳದಲ್ಲಿದ್ದರೆ ಹಡಗಿನ ಗುರುತ್ವಕೇಂದ್ರ ಕೆಳಗಿಳಿದು ಓಲಾಟದಲ್ಲಿ ಸ್ಥಿರತೆಯೂ ಹೆಚ್ಚುತ್ತದೆ. ಅದಕ್ಕಿಂತ ದೊಡ್ಡ ಕಾರಣ ಖರ್ಚಿನದು. ಕೆಲವೇ ಸಾವಿರ ಜನರಿರುವ ದ್ವೀಪಕ್ಕೆ ಜನರಿಗೊಂದು, ಅಕ್ಕಿಗೊಂದು ಹಡಗು ಕಳಿಸಿದರೆ ಎರಡೂ ಅರ್ಧ ಖಾಲಿ. ಮೇಲಾಗಿ ಮಳೆಗಾಲದಲ್ಲಿ ಮಂಜಿಗಳ ಓಡಾಟ ನಿಂತಾಗ ದಿನಸಿಗೂ ದೊಡ್ಡ ಹಡಗುಗಳೇ ಆಸರೆ.

ಕಚೇರಿ ಕೆಲಸದ ಮೇಲೆ ನಾವೂ ಒಮ್ಮೆ ಇಂಥ ಹಡಗಿನಲ್ಲಿ ಹೋಗಿದ್ದೆವು. ಕೆಳಗೆ ಕ್ರೇನು ಮೂಟೆಗಳನ್ನು ಇಳಿಸುತ್ತಿದ್ದರೆ, ಮೇಲೆ ಕೊಚ್ಚಿಯ ಆಸ್ಪತ್ರೆಯಿಂದ ಮರಳುತ್ತಿದ್ದ ಅಜ್ಜಿಯೊಬ್ಬರು ಔಷಧದ ಚೀಲವನ್ನು ಮಡಿಲಿನಿಂದ ಕೆಳಗಿಡಲೇ ಇಲ್ಲ. ರಾತ್ರಿ ಕಳೆದು ಬೆಳಗಾದಾಗ ದ್ವೀಪ ಕಂಡಿತು, ಆದರೆ ಹಡಗು ದಡಕ್ಕೆ ಹೋಗಲಿಲ್ಲ. ಹವಳದ ದಿಬ್ಬದ ಹೊರಗೇ ಲಂಗರು. ಪಕ್ಕಕ್ಕೆ ಬಂದ ದೋಣಿ ಅಲೆಗೆ ಮೇಲೆದ್ದ ಕ್ಷಣ ನೋಡಿ ಕಾಲಿಡಬೇಕು. ನಮಗೆ ಎದೆ ಡವಡವ. ಅಜ್ಜಿ ಇಬ್ಬರ ಕೈಹಿಡಿದು ಸಲೀಸಾಗಿ ಇಳಿದರು.

2021ರ ಡಿಸೆಂಬರಿನಲ್ಲಿ 600ಕ್ಕೂ ಹೆಚ್ಚು ಪ್ರಯಾಣಿಕರಿದ್ದ 'ಕವರತ್ತಿ'ಯ ಯಂತ್ರಕೋಣೆಗೆ ಬೆಂಕಿ ಬಿತ್ತು. ಜೀವಹಾನಿಯಾಗಲಿಲ್ಲ, ಆದರೆ ಅತಿ ದೊಡ್ಡ ಹಡಗೇ ಸೇವೆಯಿಂದ ತಪ್ಪಿತು. ಓಡುವ ಹಡಗುಗಳು ಕಡಿಮೆಯಾಗಿ 2022ರಲ್ಲಿ ಟಿಕೆಟಿಗಾಗಿ ಜನ ಪರದಾಡಿದರು. ಚಿಕಿತ್ಸೆ ಮುಗಿದರೂ ಊರಿಗೆ ಹೋಗಲಾರದೆ ಕೊಚ್ಚಿಯಲ್ಲೇ ಬಾಡಿಗೆ ಕೊಟ್ಟು ದಿನ ಎಣಿಸುವುದೆಂದರೆ ಏನೆಂದು, ಪರವೂರಿನಲ್ಲಿರುವ ನಮಗೆ ಬಿಡಿಸಿ ಹೇಳಬೇಕಿಲ್ಲ.

2024ರ ಮೇ ತಿಂಗಳಲ್ಲಿ 'ಪರಳಿ' ಎಂಬ ವೇಗದ ಹಡಗು 150ಕ್ಕೂ ಹೆಚ್ಚು ದ್ವೀಪವಾಸಿಗಳನ್ನು ಹೊತ್ತು ಸುಮಾರು 7 ಗಂಟೆಗಳಲ್ಲಿ ಮಂಗಳೂರಿನ ಹಳೇ ಬಂದರಿಗೆ ಬಂದಿತು. ಅದು ಜನರ ಹಡಗು. ಮಂಗಳೂರಿನಿಂದ ದ್ವೀಪಗಳಿಗೆ ತರಕಾರಿ, ಸಿಮೆಂಟು, ಜಲ್ಲಿ ಹೋಗುವುದು ಅದೇ ಧಕ್ಕೆಯಲ್ಲಿ ನಿಲ್ಲುವ ಮಂಜಿಗಳಲ್ಲಿ.